ಮೇಲಿನ ಮೂರು ಅಂಗಿ

ಅವಳಿಗೆ ಕೆಂಪಿ ಎಂದು ಹೆಸರಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ನಾಲಿಗೆ ಹೊರಳುವುದಿಲ್ಲ. ಅವಳ ಮೈಬಣ್ಣ ಕೆಂಪಲ್ಲ. ನಮ್ಮ ಗೋದಾಮಿನ ಗೋಡೆಯ ಮೇಲಿದ್ದ ಭೂಪಟದಲ್ಲಿ ಅವಳು ಹುಟ್ಟಿದ ದೇಶಕ್ಕೆ ಕೆಂಪು ಬಳಿದಿತ್ತು. ಅಷ್ಟೇ ಕಾರಣ.

ಗೋದಾಮಿನ ಕೆಲಸ ಹೀಗೆ. ಶ್ರೀಮಂತ ದೇಶಗಳ ಜನ ಹಾಕಿ ಬಿಟ್ಟ ಬಟ್ಟೆ ಹಡಗಿನಲ್ಲಿ ಬರುತ್ತದೆ. ಅದನ್ನು ನೆಲಕ್ಕೆ ಸುರಿಯುತ್ತಾರೆ. ಆಳೆತ್ತರದ ಗುಡ್ಡೆ. ನಲವತ್ತು ಹೆಂಗಸರು ಹತ್ತು ಮೇಜುಗಳ ಸುತ್ತ ನಿಂತು ಆರಿಸುತ್ತೇವೆ. ಕೂರುವ ಹಾಗಿಲ್ಲ. ಒಂದೊಂದು ಬಟ್ಟೆಯನ್ನೂ ಕೊಡವಬೇಕು, ಬೆಳಕಿಗೆ ಹಿಡಿಯಬೇಕು, ಕಂಕುಳು ನೋಡಬೇಕು, ತೊಡೆಸಂದು ನೋಡಬೇಕು, ಜೇಬಿಗೆ ಕೈ ಹಾಕಬೇಕು, ಮೂಸಬೇಕು, ಎಸೆಯಬೇಕು. ಜೇಬುಗಳಲ್ಲಿ ಸಿಂಬಳ ಒರೆಸಿದ ಕಾಗದ ಸಿಗುತ್ತದೆ. ಒಮ್ಮೆ ಹಲ್ಲಿನ ಸೆಟ್ಟು ಸಿಕ್ಕಿತ್ತು. ಸಂಜೆ ಸೀನಿದರೆ ಮೂಗಿನಿಂದ ಬಣ್ಣಬಣ್ಣದ ನಾರು ಬರುತ್ತದೆ.

ಆರಿಸಿದ್ದು ಮೂರು ಗುಡ್ಡೆಯಾಗುತ್ತದೆ. ಕಲೆಯಿಲ್ಲದ್ದು, ಹರಿಯದ್ದು ನೀಲಿ ಗುಡ್ಡೆಗೆ. ಅದು ಬಂದ ದಾರಿಯಲ್ಲೇ ಶ್ರೀಮಂತರ ಅಂಗಡಿಗೆ ವಾಪಸು ಹೋಗುತ್ತದೆ. ಸ್ವಲ್ಪ ಸವೆದದ್ದು ಹಳದಿ ಗುಡ್ಡೆಗೆ. ಜಿಪ್ಪು ಕೆಟ್ಟದ್ದು, ಬಣ್ಣ ಬಿಟ್ಟದ್ದು, ಮೊಣಕೈ ಹರಿದದ್ದು ಕೆಂಪು ಗುಡ್ಡೆಗೆ. ನಾನು ಮೂರನೇ ಮೇಜಿನ ಮುಖ್ಯಸ್ಥೆ. ಮೂಸಿ ನೋಡಿಯೇ ಯಾವ ಗುಡ್ಡೆ ಎಂದು ಹೇಳುತ್ತಿದ್ದೆ. ಅದಕ್ಕೆ ಎಲ್ಲರೂ ನನ್ನನ್ನು ಮೂಗಕ್ಕ ಎನ್ನುತ್ತಿದ್ದರು.

ಯಾವ ಗುಡ್ಡೆ ಯಾವ ದೇಶಕ್ಕೆ ಹೋಗುತ್ತದೆಂದು ತೋರಿಸಲು ಭೂಪಟ ಅಂಟಿಸಿದವನು ಮ್ಯಾನೇಜರ್. ಉಳ್ಳವರ ದೇಶಕ್ಕೆ ನೀಲಿ, ನಡುವಿನವರಿಗೆ ಹಳದಿ, ಇಲ್ಲದವರಿಗೆ ಕೆಂಪು.

"ಇದನ್ನ ಯಾರು ಬಳಿದದ್ದು ಸಾರ್?" ಎಂದು ಪ್ರೆಸ್ಸಿನಣ್ಣ ಕೇಳಿದ್ದ. ಬಟ್ಟೆಯನ್ನು ಒತ್ತಿ ಮೂಟೆ ಮಾಡುವ ಪ್ರೆಸ್ಸು ಅವನ ಕೈಯಲ್ಲಿತ್ತು. ಆ ಮೂಟೆಗೆ ನಾವು ಬೇಲು ಎನ್ನುತ್ತೇವೆ.

"ದೊಡ್ಡ ದೊಡ್ಡ ಓದಿದೋರು. ಒಂದೊಂದು ದೇಶದಲ್ಲೂ ತಲೆಗೆ ಎಷ್ಟು ವರಮಾನ ಅಂತ ನೋಡಿ ಬಳೀತಾರೆ."

"ನಮ್ಮ ತಲೇನ ಯಾವಾಗ ನೋಡಿದ್ರು ಸಾರ್? ನಾನು ಆವತ್ತು ರಜ ಇದ್ನಾ?"

ಎಲ್ಲರೂ ನಕ್ಕೆವು. ಮ್ಯಾನೇಜರ್ ನಗಲಿಲ್ಲ.

ಆಗ ನಮ್ಮ ದೇಶವೂ ಕೆಂಪೇ. ಒಂದು ದಿನ ಮ್ಯಾನೇಜರ್ ಹೊಸ ಭೂಪಟ ತಂದ. ನಮ್ಮದು ಹಳದಿಯಾಗಿತ್ತು. ಎಲ್ಲರಿಗೂ ಚಹಾ, ಎರಡೆರಡು ಬಿಸ್ಕತ್ತು. "ಇವತ್ತಿಂದ ನಾವು ಬಡವರಲ್ಲ," ಎಂದ. ಚಪ್ಪಾಳೆ ತಟ್ಟಿದೆವು. ಸಂಜೆ ಅದೇ ಸಂಬಳ, ಅದೇ ಕೆಮ್ಮು ಹೊತ್ತುಕೊಂಡು ಮನೆಗೆ ಹೋದೆವು. ಆದರೂ ನನ್ನೊಳಗೆ ಏನೋ ಒಂದು ಗೇಣು ಎತ್ತರವಾಗಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮಗೆ ಬಂದದ್ದು ಐಶ್ವರ್ಯವೂ ಅಲ್ಲ, ಬರೀ ಬಣ್ಣ.

ಆ ತಿಂಗಳೇ ಅವಳು ಕೆಲಸಕ್ಕೆ ಬಂದಳು. ಇಪ್ಪತ್ತೈದರ ಆಸುಪಾಸು. ಗಡಿ ದಾಟಿ ಬಂದವಳು. ಅವಳ ಮಾತು ನಮ್ಮದೇ, ರಾಗ ಬೇರೆ. ಮೊದಲ ವಾರ ನನ್ನ ಹತ್ತಿರ ಕೈಸನ್ನೆಯಲ್ಲೇ ಮಾತಾಡಿದಳು. ಯಾಕೆ ಎಂದು ಕೇಳಿದೆ.

"ಅಯ್ಯೋ ಅಕ್ಕ, ನಿಮಗೆ ಮಾತು ಬರತ್ತಾ? ಎಲ್ರೂ ಮೂಗಕ್ಕ ಅಂತಾರಲ್ಲ, ನಾನು ಮಾತು ಬರಲ್ವೇನೋ ಅಂದ್ಕೊಂಡಿದ್ದೆ."

ಮೇಜಿನವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಉರಿಯಿತು. "ಎಲ್ಲಿಯವಳೇ ನೀನು?" ಎಂದೆ. ಹೇಳಿದಳು. ಅವಳ ರೆಟ್ಟೆ ಹಿಡಿದು ಭೂಪಟದ ಮುಂದೆ ನಿಲ್ಲಿಸಿದೆ. "ನೋಡ್ರೇ, ಕೆಂಪು ದೇಶದ ಕೆಂಪಿ." ಈಗ ಎಲ್ಲರೂ ಅವಳನ್ನು ನೋಡಿ ನಕ್ಕರು. ಅವಳೂ ನಕ್ಕಳು. ಹೊಸ ಜಾಗದಲ್ಲಿ ನಗದೆ ಏನು ಮಾಡುತ್ತಾಳೆ.

ಹೆಸರು ಅಂಟಿಕೊಂಡಿತು. ಆಮೇಲೆ ಒಂದೊಂದಾಗಿ ಉಳಿದವೂ ಅಂಟಿಕೊಂಡವು. ಹಡಗಿನಲ್ಲಿ ನೀರು ಹೊಕ್ಕು ಕೊಳೆತ ಬಟ್ಟೆಯನ್ನು ಬಿಡಿಸುವ ಕೆಲಸ ಅವಳಿಗೆ. ಬರಿಗೈಯಲ್ಲಿ. ಬೂಷ್ಟು ಉಗುರಿನೊಳಗೆ ಹೊಕ್ಕು ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ಕುಡಿಯುವ ನೀರಿನ ಡ್ರಮ್ಮಿಗೆ ಅಲ್ಲಿಯವರೆಗೆ ಒಂದೇ ಲೋಟವಿತ್ತು. ಅವಳ ಕೈ ನೋಡಿ ನಾನು ಇನ್ನೊಂದು ಲೋಟ ತಂದು, ಅದರ ಹಿಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಇಟ್ಟೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಅವಳಿಗೂ ಯಾರೂ ಹೇಳಬೇಕಾಗಲಿಲ್ಲ. ಮರುದಿನದಿಂದ ಅದರಲ್ಲೇ ಕುಡಿದಳು.

ಅವಳು ಬರುವುದಕ್ಕೆ ಆರು ತಿಂಗಳ ಹಿಂದಿನವರೆಗೆ, ತೊಡಲು, ಒರೆಸಲು ಯಾವುದಕ್ಕೂ ಬಾರದ ಬಟ್ಟೆಯನ್ನು ಗೋದಾಮಿನ ಹಿಂದೆ ಸುಡುತ್ತಿದ್ದರು. ಅಕ್ಕಪಕ್ಕದ ಬೀದಿಯವರು ಹೊಗೆಗೆ ಗಲಾಟೆ ಮಾಡಿದರು. ಸುಡುವುದು ನಿಂತಿತು. ಕಸ ಗೋಡೆಯ ಎತ್ತರ ಏರಿತು. ಆಸ್ಪತ್ರೆಯ ಹಾಸಿಗೆ ಬಟ್ಟೆ, ರಕ್ತ ಒಣಗಿ ಗರಿಗರಿಯಾದದ್ದು. ಉಚ್ಚೆ ನಾತದ ಒಳಚಡ್ಡಿ. ಒಂಟಿ ಕಾಲುಚೀಲ. ಮ್ಯಾನೇಜರ್ ನನ್ನನ್ನು ಕರೆದ.

"ಇದನ್ನೆಲ್ಲ ಕೆಂಪು ಬೇಲಿನ ಹೊಟ್ಟೆಗೆ ತುಂಬು."

"ಸಾರ್, ಇದು ನೆಲ ಒರೆಸೋಕೂ ಬರಲ್ಲ."

"ಅಲ್ಲಿಯವರಿಗೆ ಎಲ್ಲಾ ಬರತ್ತೆ. ಮುಖ ಮಾತ್ರ ಚೆನ್ನಾಗಿ ಕಟ್ಟು. ನಿನ್ನ ಕೈಯಲ್ಲಿ ಆ ಕಳೆ ಇದೆ."

ಮುಖ ಎಂದರೆ ಬೇಲಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಕಾಣುವ ಮೂರು ಅಂಗಿ. ಅವು ಒಳ್ಳೆಯವಿರಬೇಕು. ನನ್ನ ಅಮ್ಮ ಕಂಡವರ ಮನೆಯ ಬಟ್ಟೆಗೆ ಇಸ್ತ್ರಿ ಹಾಕಿ ನನ್ನನ್ನು ಸಾಕಿದವಳು. ಅವಳು ಕಲಿಸಿದ ಮಡಿಕೆ ನನ್ನದು. ಎರಡು ತೋಳನ್ನೂ ಬೆನ್ನ ಹಿಂದೆ ಕೈ ಕಟ್ಟಿ ನಿಂತ ಹಾಗೆ ಒಂದರ ಮೇಲೊಂದು ಇಡುವುದು, ಕಾಲರಿನ ತುದಿಗಳನ್ನು ಒಳಕ್ಕೆ ತಿರುಗಿಸುವುದು, ಕತ್ತಿನ ಗುಂಡಿ ಒಂದನ್ನೇ ಹಾಕುವುದು. ಹತ್ತು ಮೇಜಿನಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಮ್ಯಾನೇಜರ್ ಹೊಗಳಿದ್ದಕ್ಕೆ ನಾನು ಹಿಗ್ಗಿದೆ. ಅವಳು ಬಂದ ಮೇಲೂ ಮುಖ ಕಟ್ಟುತ್ತಲೇ ಇದ್ದೆ. ಮೇಲೆ ಥಳಕು, ಒಳಗೆ ಹುಳುಕು. ನನ್ನ ಕೈಯಿಂದಲೇ.

ಒಂದು ದಿನ ಪ್ರೆಸ್ಸಿನ ಹತ್ತಿರ ಎತ್ತಿಕೊಡುವ ಆಳು ಬರಲಿಲ್ಲ. ಕೆಂಪಿಯನ್ನು ಕರೆದರು. ಅವಳು ಹಾಸಿಗೆ ಬಟ್ಟೆಗಳನ್ನು ತಬ್ಬಿ ತಂದು ಪ್ರೆಸ್ಸಿಗೆ ಹಾಕಿದಳು. ಪ್ರೆಸ್ಸಿನಣ್ಣ ಒತ್ತಿದ. ನಾನು ಮೇಲೆ ಮೂರು ಅಂಗಿ ಇಟ್ಟೆ. ಅವಳ ಕೈ ನಿಂತಿತು. ಬಗ್ಗಿ ನೋಡಿದಳು.

"ಅಕ್ಕ, ಇದು ಎಲ್ಲಿಗೆ ಹೋಗತ್ತೆ?"

"ಕೆಂಪು ದೇಶಕ್ಕೆ."

"ಇದನ್ನ ಹೀಗೆ ಮಡಚೋದು ಯಾರು?"

"ನಾನೇ. ಯಾಕೆ?"

ಅವಳು ಮೂಟೆಗೆ ಒರಗಿ ನಿಂತು, ಯಾರದ್ದೋ ಕಥೆ ಹೇಳುವ ಹಾಗೆ ಹೇಳಿದಳು.

"ನಮ್ಮಮ್ಮ ಸಂತೆಯಲ್ಲಿ ಹಳೇ ಬಟ್ಟೆ ಮಾರ್ತಾಳೆ ಅಕ್ಕ. ಬೇಲು ಕೊಳ್ಳೋ ಮುಂಚೆ ಬಿಚ್ಚಿ ನೋಡೋ ಹಾಗಿಲ್ಲ. ಪ್ಲಾಸ್ಟಿಕ್‌ನಲ್ಲಿ ಕಾಣೋ ಮುಖ ನೋಡಿ ತಗೋಬೇಕು. ನಾನು ಇಲ್ಲಿಗೆ ಹೊರಡೋ ಮುಂಚಿನ ತಿಂಗಳು ಅಮ್ಮ ಇಂಥದ್ದೇ ಒಂದನ್ನ ತಗೊಂಡ್ಳು. ಮೇಲೆ ಮೂರು ಅಂಗಿ. ತೋಳು ಹಿಂದೆ ಕಟ್ಟಿ, ಕಾಲರ್ ಒಳಗೆ. ಅಮ್ಮ ಅದನ್ನ ಬಿಚ್ಚೋಕೇ ಮನಸು ಮಾಡ್ಲಿಲ್ಲ. 'ನೋಡೇ, ಇದನ್ನ ಮಡಚಿದವಳು ಯಾರೋ ಒಳ್ಳೆ ಮನೆ ಹೆಣ್ಣುಮಗಳು. ಕೈ ಎಷ್ಟು ಅಚ್ಚುಕಟ್ಟು. ಅವಳ ಹೊಟ್ಟೆ ತಣ್ಣಗಿರಲಿ,' ಅಂದ್ಳು. ಆಮೇಲೆ ಒಳಗೆ ಕೈ ಹಾಕಿದ್ಳು."

"ಆಮೇಲೆ?"

"ಇದೇ." ತಾನು ಈಗಷ್ಟೇ ತುಂಬಿದ ಹಾಸಿಗೆ ಬಟ್ಟೆಯನ್ನು ಕಣ್ಣಲ್ಲೇ ತೋರಿಸಿದಳು. "ಸಂತೇಲಿ ಎಲ್ರೂ ಮೂಗು ಮುಚ್ಕೊಂಡು ದೂರ ಹೋದ್ರು. ಅಮ್ಮ ಒಬ್ಬಳೇ ಕೂತಿದ್ಳು. ಬಿಸಾಡೋಕೆ ಮನಸು ಬರ್ಲಿಲ್ಲ. ಎಂಟು ದಿನ ಕಾಲುವೇಲಿ ಒಗೆದ್ಳು. ಮೊಣಕೈವರೆಗೆ ಹುಣ್ಣಾಯ್ತು. ಈಗಲೂ ಬಲಗೈ ಬೆರಳು ಮಡಚಕ್ಕಾಗಲ್ಲ."

ಪ್ರೆಸ್ಸಿನಣ್ಣ ಪ್ರೆಸ್ಸು ನಿಲ್ಲಿಸಿದ್ದ. ಇಬ್ಬರೂ ನನ್ನನ್ನು ನೋಡುತ್ತಿದ್ದರು. ಆಗ ತಲೆ ತಗ್ಗಿಸಿದ್ದರೆ ನಾನು ಮನುಷ್ಯಳು. ನಾನು ಬಾಯಿ ಮಾಡಿದೆ.

"ನಿಮ್ಮೋರು ತಗೋತಾರೆ, ಅದಕ್ಕೇ ಕಳಿಸ್ತಾರೆ. ಬೇಡ ಅಂದಿದ್ರೆ ಯಾರು ಕಳಿಸ್ತಿದ್ರು? ಎತ್ತು, ಎತ್ತು, ಹೊತ್ತಾಯ್ತು."

ಅವಳು ಎತ್ತಿದಳು.

ನನ್ನ ಗಂಡ ಮೊದಲು ಅದೇ ಗೋದಾಮಿನಲ್ಲಿ ಬೇಲು ಹೊರುತ್ತಿದ್ದ. ಬೆನ್ನು ಮುರಿದುಕೊಂಡು ಮನೆ ಹಿಡಿದ. ಕಿಟಕಿಯ ಹತ್ತಿರ ಹಲಗೆಯ ಮೇಲೆ ಒರಗಿಕೊಂಡು, ಹಳದಿ ಗುಡ್ಡೆಯ ಅಂಗಿಗಳಿಗೆ ಗುಂಡಿ ಹೊಲಿಯುತ್ತಾನೆ. ಸಂಜೆ ಅವನಿಗೆ ಹೇಳಿದೆ. ಅವನು ದಾರವನ್ನು ಹಲ್ಲಲ್ಲಿ ಕಡಿದ.

"ನಾನು ಹೊತ್ತ ಬೇಲಿನಲ್ಲಿ ಏನಿತ್ತು ಅಂತ ನಾನೂ ನೋಡ್ಲಿಲ್ಲ. ಹೊಟ್ಟೆಪಾಡು ಕಣೇ. ಊಟ ಮಾಡು."

ತಟ್ಟೆಯ ಮುಂದೆ ಕೂತೆ. ತುತ್ತು ಕಲಸಿದೆ. ಆ ತಾಯಿ ಹರಸಿದ ಕೈ ಅದು. ತುತ್ತು ಬಾಯಿಗೆ ಹೋಗಲಿಲ್ಲ.

ಮರುದಿನ ಮುಖ ಕಟ್ಟಿದೆ. ಅದರ ಮರುದಿನವೂ ಕಟ್ಟಿದೆ. ನಾಚಿಕೆಯಾಯಿತೆಂದು ಕೆಲಸ ಬಿಟ್ಟೆ ಎಂದು ಯಾರಾದರೂ ಅಂದುಕೊಂಡರೆ ಅದು ಸುಳ್ಳು. ನಾಚಿಕೆ ಒಂದು ಕಡೆ ಇತ್ತು, ಕೈ ಇನ್ನೊಂದು ಕಡೆ ಕೆಲಸ ಮಾಡುತ್ತಿತ್ತು.

ಹತ್ತು ದಿನದ ಮೇಲೆ ನೀಲಿ ದೇಶದಿಂದ ಮೂವರು ಬಂದರು. ಅಲ್ಲಿ ಮನೆಮನೆಯಿಂದ ಬಟ್ಟೆ ಕೂಡಿಸಿ ಕಳಿಸುವ ಸಂಘದವರು. ಬಡವರಿಗೆ ತಲುಪುತ್ತಿದೆ ಎಂದು ಫೋಟೋ ತೆಗೆದು ದಾನಿಗಳಿಗೆ ತೋರಿಸಬೇಕಂತೆ. ಮ್ಯಾನೇಜರ್ ನೆಲ ಗುಡಿಸಿಸಿದ. ಒಂದು ಕೆಂಪು ಬೇಲನ್ನು ಬಾಗಿಲ ಬೆಳಕಿಗೆ ತಂದು ನಿಲ್ಲಿಸಿದ. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಆ ಕೆಂಪಿ ಅಲ್ಲಿಯವಳೇ ಅಲ್ವಾ? ಅವಳನ್ನ ಬೇಲಿನ ಪಕ್ಕ ನಿಲ್ಸು. ಒಂದು ಥ್ಯಾಂಕ್ಸ್ ಹೇಳಿದ್ರೆ ಸಾಕು. ಆ ಬಟ್ಟೇಲಿ ಬೇಡ. ಗುಡ್ಡೆಯಿಂದ ಯಾವುದಾದ್ರೂ ಫ್ರಾಕ್ ತೆಗೆದು ಹಾಕ್ಸು. ಅವರು ಕೊಟ್ಟಿದ್ದನ್ನ ಹಾಕ್ಕೊಂಡ ಹಾಗೆ ಕಾಣ್ಬೇಕು. ತುಂಬಾ ಚೆನ್ನಾಗಿರೋದು ಬೇಡ."

ನಾನು ಆರಿಸಿದೆ. ಹೂವಿನ ಫ್ರಾಕು, ಕಂಕುಳಲ್ಲಿ ಬೆವರಿನ ಹಳದಿ ಕಲೆ. ಅವಳನ್ನು ಸಾಮಾನಿನ ಕೋಣೆಗೆ ಕರೆದುಕೊಂಡು ಹೋದೆ.

"ನಾನು ಹಾಕ್ಕೊಳ್ಳಲ್ಲ ಅಕ್ಕ."

"ಐದು ನಿಮಿಷದ ಕೆಲಸ. ಹಾಕ್ಕೋ."

"ನನ್ನ ಬಟ್ಟೆ ಚೆನ್ನಾಗೇ ಇದೆ. ನಿನ್ನೆ ಒಗೆದದ್ದು."

"ಕೆಲಸ ಬೇಕೋ ಬೇಡ್ವೋ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಅಂಗಿ, ಲಂಗ ಕಳಚಿ ಮಡಚಿ ಮೊಳೆಗೆ ಸಿಕ್ಕಿಸಿ, ಸಣ್ಣ ಮಗುವಿನ ಹಾಗೆ ಎರಡು ಕೈ ಮೇಲೆತ್ತಿದಳು. ನಾನು ಫ್ರಾಕನ್ನು ತಲೆಯಿಂದ ಇಳಿಸಿದೆ. ಬೆನ್ನಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದೆ. ಆರು ಗುಂಡಿ. ಅವಳ ಬೆನ್ನು ನಡುಗುತ್ತಿದ್ದುದು ನನ್ನ ಬೆರಳಿಗೆ ಗೊತ್ತಾಗುತ್ತಿತ್ತು. ಹಾಕುತ್ತಲೇ ಇದ್ದೆ.

ಹೊರಗೆ ಕ್ಯಾಮೆರಾ ಹಿಡಿದ ಹೆಂಗಸು ಕೈಮಾಡಿ ನಗು ಎಂದಳು. ಕೆಂಪಿ ನಗಲಿಲ್ಲ. ಮ್ಯಾನೇಜರ್ ಅವರ ಭಾಷೆಯಲ್ಲಿ ಏನೋ ಹೇಳಿ ನಕ್ಕ. ನಮ್ಮ ಕಡೆ ತಿರುಗಿ, "ಇವಳ ದೇಶದೋರು ಈ ಬಟ್ಟೆಯಿಂದಾನೇ ಮಾನ ಮುಚ್ಕೋತಾರೆ ಅಂದೆ," ಎಂದ. "ಹೂಂ, ಹೇಳು. ಥ್ಯಾಂಕ್ಸ್ ಹೇಳು."

ಕೆಂಪಿ ಪ್ರೆಸ್ಸಿನ ಹತ್ತಿರ ನಡೆದಳು. ಬೇಲು ಬಿಗಿದ ಪಟ್ಟಿ ಕತ್ತರಿಸುವ ಬಾಗಿದ ಚಾಕು ಅಲ್ಲಿತ್ತು. ಪ್ರೆಸ್ಸಿನಣ್ಣ ನೋಡಿದ, ತಡೆಯಲಿಲ್ಲ. ವಾಪಸು ಬಂದು ಬೇಲಿನ ಮೊದಲ ಪಟ್ಟಿಗೆ ಚಾಕು ಹಾಕಿ ಎಳೆದಳು. ಎರಡನೆಯದು. ಮೂರನೆಯದು.

ಒತ್ತಿ ಕಟ್ಟಿದ ಬೇಲು ಮೆಲ್ಲಗೆ ಬಿಚ್ಚಿಕೊಳ್ಳುವುದಿಲ್ಲ. ಸಿಡಿಯುತ್ತದೆ. ಮೇಲಿನ ಮೂರು ಅಂಗಿ ಹಾರಿ ಬಿದ್ದವು. ಒಳಗಿನದು ಉಬ್ಬಿ ಉಬ್ಬಿ ನೆಲಕ್ಕೆ ಸುರಿಯಿತು. ನಾತ ಎದ್ದಿತು. ಕ್ಯಾಮೆರಾ ಹೆಂಗಸು ಹಿಂದೆ ಸರಿದು ಮೂಗು ಮುಚ್ಚಿಕೊಂಡಳು. ಕೆಂಪಿ ರಕ್ತದ ಕಲೆಯ ಹಾಸಿಗೆ ಬಟ್ಟೆಯೊಂದನ್ನು ಎತ್ತಿ ಅವಳ ಮುಂದೆ ಅಗಲಿಸಿ ಹಿಡಿದಳು.

"ತೆಗೀರಿ ಫೋಟೋ. ಇದನ್ನ ಹೊದ್ಕೊಂಡು ಮಾನ ಮುಚ್ಕೋತೀವಿ ನಾವು. ತೆಗೀರಿ."

ಅವರಿಗೆ ಮಾತು ಅರ್ಥವಾಗಲಿಲ್ಲ. ಬಟ್ಟೆ ಅರ್ಥವಾಯಿತು. ಅವರಲ್ಲಿ ಹಿರಿಯವನು ಮ್ಯಾನೇಜರನ್ನು ಏನೋ ಕೇಳಿದ. ಮ್ಯಾನೇಜರ್ ಕೆಂಪಿಯ ಕಡೆ ಬೆರಳು ಮಾಡಿದ. ಆಮೇಲೆ ನಮ್ಮ ಭಾಷೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ:

"ಈ ಬೇಲು ಕಟ್ಟಿದ್ದು ಇವಳೇ. ಹೊಸಬಳು, ಕಸಾನೂ ಬಟ್ಟೆನೂ ಒಟ್ಟಿಗೆ ತುಂಬಿದಾಳೆ. ಅಲ್ವಾ ಮೂಗಕ್ಕ? ಹೇಳು ಇವರಿಗೆ."

ಎಲ್ಲರೂ ನನ್ನನ್ನು ನೋಡಿದರು. ಹತ್ತು ಮೇಜಿನವರೂ. ಆ ಮೂರು ಅಂಗಿಗಳ ಮಡಿಕೆ ಯಾರದ್ದೆಂದು ಎಲ್ಲರಿಗೂ ಗೊತ್ತು. ಕೆಂಪಿ ಮಾತ್ರ ನನ್ನನ್ನು ನೋಡಲಿಲ್ಲ. ನಾನು ಏನು ಹೇಳುತ್ತೇನೆಂದು ಅವಳಿಗೆ ಆಗಲೇ ಗೊತ್ತಿತ್ತೆಂದು ಕಾಣುತ್ತದೆ.

"ಹೌದು ಸಾರ್," ಎಂದು ಅವರ ಕಡೆ ತಲೆಯಾಡಿಸಿದೆ.

ಕಾವಲಿನವನು ಅವಳ ರೆಟ್ಟೆ ಹಿಡಿದು ಗೇಟಿನ ಆಚೆ ಬಿಟ್ಟ. ಆ ಫ್ರಾಕಿನಲ್ಲೇ. ಪ್ರೆಸ್ಸಿನಣ್ಣ ನನ್ನ ಕಡೆ ತಿರುಗಿ, "ಬಾಯಿ ಇದ್ದೂ ಮೂಗಿಯಾಗಿದ್ರೆ ಎಷ್ಟೋ ವಾಸಿಯಿತ್ತು ಕಣಕ್ಕ," ಎಂದ. ನೆಲ ತೊಳೆಯಲು ನನಗೇ ಹೇಳಿದರು. ತೊಳೆದೆ. ಸಂಘದವರು ಹೋದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಅದೇ ಕಸವನ್ನು ಮತ್ತೆ ಪ್ರೆಸ್ಸಿಗೆ ಹಾಕಿದರು. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಮುಖ ಕಟ್ಟು ಎಂದರು. ಕಟ್ಟಿದೆ.

ಕೆಲಸ ಬಿಡುವಾಗ ಸಾಮಾನಿನ ಕೋಣೆಯಲ್ಲಿ ಅವಳ ಬಟ್ಟೆ ಮೊಳೆಯಲ್ಲೇ ಇತ್ತು. ತೆಗೆದುಕೊಂಡೆ. ಅವಳ ಕೋಣೆ ಗುಜರಿ ಅಂಗಡಿಯ ಮೇಲಿತ್ತು. ತಗಡಿನ ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಒಂದು ಚಾಪೆ, ಒಂದು ಒಲೆ, ಹಗ್ಗದ ಮೇಲೆ ಒಣಗಲು ಹಾಕಿದ ಟವೆಲು. ಅವಳು ಇನ್ನೂ ಆ ಫ್ರಾಕಿನಲ್ಲೇ ಕೂತಿದ್ದಳು. ಬೆನ್ನಿನ ಗುಂಡಿ ಅವಳ ಕೈಗೆ ಎಟಕುತ್ತಿರಲಿಲ್ಲ.

ನಾನು ಹಿಂದೆ ಕೂತು ಬಿಚ್ಚಿದೆ. ಅವಳು ತನ್ನ ಬಟ್ಟೆ ಹಾಕಿಕೊಂಡಳು.

"ತಪ್ಪಾಯ್ತು ಕಣೇ," ಎಂದೆ.

"ನನಗೆ ಯಾಕೆ ಹೇಳ್ತೀರಿ?" ಫೋನು ತೆಗೆದು ಒತ್ತಿದಳು. "ಅಮ್ಮಾ, ಇಲ್ಲೊಬ್ಬರು ಅಕ್ಕ ಇದಾರೆ. ನಿನ್ನ ಹತ್ರ ಏನೋ ಹೇಳ್ಬೇಕಂತೆ." ಫೋನನ್ನು ನನ್ನ ಕೈಗಿಟ್ಟಳು.

ಓಡಿ ಹೋಗಬಹುದಿತ್ತು. ಮೆಟ್ಟಿಲು ಅಲ್ಲೇ ಇತ್ತು.

"ಯಾರು ತಾಯಿ?" ದಣಿದ ದನಿ. ಹಿಂದೆ ಕೋಳಿಯ ಸದ್ದು.

"ಅಮ್ಮ, ನಾನು... ನಿಮ್ಮ ಮಗಳ ಜೊತೆ ಕೆಲಸ ಮಾಡೋಳು. ನೀವು ತಗೊಂಡ ಬೇಲು, ಮೇಲೆ ಮೂರು ಅಂಗಿ ಇತ್ತಲ್ಲ, ತೋಳು ಹಿಂದೆ ಕಟ್ಟಿ... ಅದನ್ನ ಮಡಚಿದವಳು ನಾನು. ಒಳಗಿನದನ್ನ ತುಂಬಿದವಳೂ ನಾನೇ. ನನಗೆ ಗೊತ್ತಿತ್ತು."

ಬೈಯಲಿ ಎಂದು ಕಾದೆ. ಬೈದರೆ ಸ್ವಲ್ಪ ಹಗುರಾದೀತೆಂದು ಆಸೆ.

"ಒಂದು ಕೇಳ್ತೀನಿ. ಈಗಲೂ ಕಳಿಸ್ತಾರಾ?"

"ಹೂಂ."

"ಮಡಚೋದು?"

"ನಾನೇ. ಇವತ್ತೂ... ನಾಳೆ ಬೆಳಿಗ್ಗೆ ಲಾರಿ ಹೋಗತ್ತೆ."

"ಮತ್ತೆ ಫೋನ್ ಯಾಕೆ ಮಾಡಿದೆ ತಾಯಿ?" ಎಂದಳು. ಸಿಟ್ಟಿನಿಂದ ಅಲ್ಲ. ನಿಜವಾಗಿಯೂ ಅವಳಿಗೆ ಅರ್ಥವಾಗದೆ ಕೇಳಿದಳು. ಫೋನು ಇಟ್ಟಳು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ನಾನು ಗೋದಾಮಿನೊಳಗೆ ಹೋಗಲಿಲ್ಲ. ಗೇಟಿನ ಮುಂದೆ, ಲಾರಿ ಹೊರಡುವ ದಾರಿಯ ನಡುವೆ ನೆಲದ ಮೇಲೆ ಕೂತೆ. ಲಾರಿಯಲ್ಲಿ ನನ್ನ ಬೇಲುಗಳಿದ್ದವು. ಮ್ಯಾನೇಜರ್ ಓಡಿ ಬಂದ.

"ಏನಿದು ಮೂಗಕ್ಕ? ನೀನು ನಮ್ಮೋಳು. ಏಳು, ಎಲ್ರೂ ನೋಡ್ತಿದಾರೆ."

"ನೋಡ್ಲಿ ಸಾರ್. ಆ ಬೇಲುಗಳ ಮುಖ ಕಟ್ಟಿದ್ದು ನಾನು. ಹೊಟ್ಟೇಲಿ ಏನಿದೆ ಅಂತ ಹೇಳೋಕೆ ಕೂತಿದೀನಿ. ನಿನ್ನೆ ಹೌದು ಅಂದಿದ್ದು ಸುಳ್ಳು."

"ಕೆಲಸ ಹೋಗತ್ತೆ."

"ಗೊತ್ತು."

ಕೆಲಸಕ್ಕೆ ಬಂದ ಹೆಂಗಸರು ಗೇಟಿನ ಹತ್ತಿರ ಗುಂಪಾದರು. ಯಾರೂ ಒಳಗೆ ಹೋಗಲಿಲ್ಲ, ಯಾರೂ ನನ್ನ ಹತ್ತಿರ ಬರಲಿಲ್ಲ. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ನೆಲ ನೋಡುತ್ತ ಕೂತೆ. ಬೀದಿಯ ತಿರುವಿನಿಂದ ಅವಳು ಬರುವುದು ಅಷ್ಟರಲ್ಲಿ ಕಂಡಿತು. ಒಗೆದ ಅಂಗಿ, ಒಗೆದ ಲಂಗ. ಬಂದವಳು ನನ್ನ ಪಕ್ಕ ಕೂರಲಿಲ್ಲ. ಒಂದು ಮಾರು ದೂರ ಬಿಟ್ಟು ಕೂತಳು. ಆ ದೂರ ನನಗೆ ಸಲ್ಲಬೇಕಾದದ್ದೇ.

ಲಾರಿ ಹಾರ್ನ್ ಹೊಡೆಯಿತು. ಇಂಜಿನ್ನಿನ ಬಿಸಿ ಬೆನ್ನಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ಇಬ್ಬರೂ ಏಳಲಿಲ್ಲ.